ಹನ್ನೊಂದು ಪಟ್ಟು ಕುಗ್ಗಿದ ಇಂಜಿನ್ ಎಷ್ಟು ಎಳೆದೀತು?

ಬ್ರಿಟನ್ನಿನ ಅನೇಕ ಊರುಗಳ ಉದ್ಯಾನಗಳಲ್ಲಿ ಬೇಸಿಗೆಯ ಭಾನುವಾರಗಳಂದು ಪುಟ್ಟದೊಂದು ರೈಲು ಓಡುತ್ತದೆ. ಹಳಿಗಳ ನಡುವಿನ ಅಂತರ ಐದು ಇಂಚು. ಇಂಜಿನ್ನಿನ ಚಿಮಣಿ ದೊಡ್ಡವರ ಮೊಣಕಾಲಿಗೂ ಬರುವುದಿಲ್ಲ. ಆದರೂ ಅದರ ಹಿಂದೆ, ಸೊಂಟದೆತ್ತರಕ್ಕೆ ಕಟ್ಟಿದ ಹಳಿಯ ಮೇಲಿನ ಉದ್ದನೆಯ ಹಲಗೆಗಾಡಿಗಳಲ್ಲಿ, ಕಾಲುಗಳನ್ನು ಎರಡೂ ಬದಿಗೆ ಇಳಿಬಿಟ್ಟುಕೊಂಡು ಏಳೆಂಟು ಮಂದಿ ಕೂತಿರುತ್ತಾರೆ. ಎಲ್ಲರಿಗಿಂತ ಮುಂದೆ ಕೂತವನು ಡ್ರೈವರ್. ಅವನ ಮಡಿಲ ಮುಂದೆಯೇ ಒಲೆ ಇದೆ, ಒಲೆಯಲ್ಲಿ ನಿಜವಾದ ಕಲ್ಲಿದ್ದಲು ಉರಿಯುತ್ತಿದೆ, ಬಾಯ್ಲರ್‌ನಲ್ಲಿ ನೀರು ಕುದಿಯುತ್ತಿದೆ, ಆ ಉಗಿಯೇ ಪಿಸ್ಟನ್ನನ್ನು ತಳ್ಳುತ್ತಿದೆ. ಬ್ಯಾಟರಿ ಇಲ್ಲ, ಮೋಟರ್ ಇಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು, ಸಂಜೆ ಬಿಡುವಿನಲ್ಲಿ, ವರ್ಷಗಟ್ಟಲೆ ಕೂತು ಯಾರೋ ಒಬ್ಬರು ಮಾಡಿದ ಇಂಜಿನ್ ಅದು.

ಇಷ್ಟು ಸಣ್ಣದು ಇಷ್ಟು ಜನರನ್ನು ಹೇಗೆ ಎಳೆಯುತ್ತದೆ ಎಂದು ನೋಡಿದವರೆಲ್ಲ ಕೇಳುತ್ತಾರೆ. ಸಹಜವಾದ ಪ್ರಶ್ನೆಯೇ. ಆದರೆ ಲೆಕ್ಕ ಹಾಕಿ ನೋಡಿದರೆ ಅಚ್ಚರಿ ಬೇರೆ ಕಡೆ ಇದೆ. ಆ ಇಂಜಿನ್ನಿನ ಸಿಲಿಂಡರ್‌ಗಳಲ್ಲಿರುವ ಬಲಕ್ಕೆ ಅದು ಇನ್ನೂ ಮೂರು ಪಟ್ಟು ಹೆಚ್ಚು ಎಳೆಯಬೇಕಿತ್ತು. ಯಾಕೆ ಎಳೆಯುವುದಿಲ್ಲ ಎಂಬುದೇ ಈ ವಿದ್ಯೆಯ ತಿರುಳು.

ಒಂದು ನಿಜವಾದ ಇಂಜಿನ್ನನ್ನೇ ತೆಗೆದುಕೊಳ್ಳೋಣ. 1923ರಲ್ಲಿ ಡಾನ್‌ಕಾಸ್ಟರ್‌ನ ಕಾರ್ಖಾನೆಯಿಂದ ಹೊರಬಂದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಈಗಿರುವ ರೂಪದಲ್ಲಿ, ಹಿಂದೆ ಕಟ್ಟುವ ಇದ್ದಲು-ನೀರಿನ ಗಾಡಿಯಾದ ಟೆಂಡರ್ ಬಿಟ್ಟು, ಸುಮಾರು 97 ಟನ್ ತೂಗುತ್ತದೆ. ಅದರಲ್ಲಿ 67 ಟನ್ನಿನಷ್ಟು ಆರು ಎಳೆಗಾಲಿಗಳ ಮೇಲೆ ಬೀಳುತ್ತದೆ. ಉಳಿದದ್ದನ್ನು ಮುಂದಿನ ಮತ್ತು ಹಿಂದಿನ ಸಣ್ಣ ಗಾಲಿಗಳು ಹೊರುತ್ತವೆ. ಮೂರು ಸಿಲಿಂಡರ್‌ಗಳು, ಚದರ ಇಂಚಿಗೆ 220 ಪೌಂಡ್ ಉಗಿಯೊತ್ತಡ, ಆರು ಅಡಿ ಎಂಟು ಇಂಚಿನ ಗಾಲಿ. ಇವನ್ನು ರೈಲ್ವೆಯವರ ಹಳೆಯ ಸೂತ್ರಕ್ಕೆ ಹಾಕಿದರೆ ಎಳೆತದ ಬಲ ಸುಮಾರು 15 ಟನ್ ಬರುತ್ತದೆ. ಎಳೆಗಾಲಿಗಳ ಮೇಲಿನ ತೂಕ ಅದರ ನಾಲ್ಕೂವರೆ ಪಟ್ಟು. ಉಕ್ಕಿನ ಒಣ ಹಳಿಯನ್ನು ಉಕ್ಕಿನ ಗಾಲಿ ತನ್ನ ಮೇಲಿನ ತೂಕದ ಕಾಲು ಭಾಗದಷ್ಟು ಬಲದಿಂದ ಹಿಡಿಯುತ್ತದೆ. ಅಂದರೆ ಸಿಲಿಂಡರ್ ತಳ್ಳುವ ಬಲ ಹಳಿಯ ಹಿಡಿತಕ್ಕಿಂತ ತುಸು ಕಡಿಮೆ ಇರುವಂತೆ ಅದರ ವಿನ್ಯಾಸಕಾರ ನೈಜೆಲ್ ಗ್ರೆಸ್ಲಿ ನೋಡಿಕೊಂಡಿದ್ದ. ಅನುಭವಿ ಡ್ರೈವರ್ ಕೈಯಲ್ಲಿ ಗಾಲಿ ಜಾರದೆ ರೈಲು ಹೊರಡುತ್ತದೆ.

ಈಗ ಅದನ್ನೇ ಐದು ಇಂಚಿನ ಹಳಿಗೆ ಇಳಿಸಿ. ದೊಡ್ಡ ಹಳಿಯ ಅಂತರವಾದ ನಾಲ್ಕಡಿ ಎಂಟೂವರೆ ಇಂಚು ಐದು ಇಂಚಾದರೆ ಅಳತೆ 11.3 ಪಟ್ಟು ಕುಗ್ಗಿತು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ 11.3ರ ಘನದಷ್ಟು, ಅಂದರೆ 1,443 ಪಟ್ಟು ಇಳಿಯುತ್ತದೆ. 97 ಟನ್ ಹೋಗಿ 67 ಕಿಲೋ ಉಳಿಯಿತು. ಎಳೆಗಾಲಿಗಳ ಪಾಲಿಗೆ ಬಂದದ್ದು 46 ಕಿಲೋ. ಆದರೆ ಸಿಲಿಂಡರ್‌ನ ಬಲ ಪಿಸ್ಟನ್ನಿನ ಮುಖದ ವಿಸ್ತೀರ್ಣವನ್ನು ಅವಲಂಬಿಸಿದ್ದು. ಅದು ವರ್ಗದ ಲೆಕ್ಕದಲ್ಲಿ, ಸುಮಾರು 128 ಪಟ್ಟು ಮಾತ್ರ ಇಳಿಯುತ್ತದೆ. ಪುಟ್ಟ ಬಾಯ್ಲರ್‌ನಲ್ಲಿ 220 ಪೌಂಡ್ ಒತ್ತಡ ಇಟ್ಟುಕೊಳ್ಳುವುದಿಲ್ಲ, 80 ಪೌಂಡ್ ಸಾಮಾನ್ಯ. ಅದನ್ನೂ ಕಳೆದು ನೋಡಿದರೂ ಎಳೆತದ ಬಲ 42 ಕಿಲೋದಷ್ಟು ಬರುತ್ತದೆ. 46 ಕಿಲೋ ತೂಕ ಹೊತ್ತ ಗಾಲಿಗಳು ಹಳಿಯನ್ನು ಹಿಡಿಯಬಲ್ಲದ್ದು ಹನ್ನೊಂದು, ಹನ್ನೆರಡು ಕಿಲೋ ಬಲದಿಂದ. ಉಳಿದ ಮೂವತ್ತು ಕಿಲೋ ಬಲ ಗಾಲಿಯನ್ನು ನಿಂತಲ್ಲೇ ಗಿರ್ರನೆ ತಿರುಗಿಸುವುದಕ್ಕೆ ಮಾತ್ರ ಉಪಯೋಗ.

ವಿಸ್ತೀರ್ಣ ಒಂದು ದರದಲ್ಲಿ, ಗಾತ್ರ ಇನ್ನೊಂದು ದರದಲ್ಲಿ ಕುಗ್ಗುವುದನ್ನು ಗೆಲಿಲಿಯೋ 1638ರಲ್ಲೇ ಬರೆದಿಟ್ಟ. ಅವನು ಪ್ರಾಣಿಗಳ ಮೂಳೆಯ ಬಗ್ಗೆ ಹೇಳಿದ್ದು ಇಂಜಿನ್ನಿಗೂ ನಿಜ. ಮಾದರಿ ಮಾಡುವಾಗ ತೂಕವೇ ಎಲ್ಲಕ್ಕಿಂತ ಬೇಗ ಕೈಬಿಟ್ಟು ಹೋಗುತ್ತದೆ, ಮತ್ತು ರೈಲನ್ನು ಕಡೆಗೆ ಎಳೆಯುವುದು ತೂಕವೇ. ಹಾಗಾಗಿ ತೂಕ ಕೂಡಿಸುವುದು ಮಾದರಿ ಇಂಜಿನ್ ಮಾಡುವವರ ಮೊದಲ ಚಿಂತೆ. ಚೌಕಟ್ಟಿನ ತಗಡನ್ನು ಅಳತೆಗಿಂತ ದಪ್ಪ ಇಡುತ್ತಾರೆ. ನೀರಿನ ತೊಟ್ಟಿಯಂತೆ ಕಾಣುವ ಜಾಗದಲ್ಲಿ ಸೀಸ ಎರೆದು ಕೂರಿಸುತ್ತಾರೆ. ಸಿಲಿಂಡರ್‌ನ ಒಳವ್ಯಾಸವನ್ನು ನಕ್ಷೆಗಿಂತ ಚೂರು ಕಡಿಮೆ ಕೊರೆಯುವವರೂ ಇದ್ದಾರೆ. ಬಳಸಲಾಗದ ಬಲವನ್ನು ಹುಟ್ಟಿಸಲು ಉಗಿ ಖರ್ಚು ಮಾಡುವುದೇಕೆ ಎಂಬುದು ಅವರ ವಾದ. ಅದನ್ನು ಒಪ್ಪದಿರಲು ನನಗೆ ಕಾರಣ ಕಾಣುವುದಿಲ್ಲ.

ನೋಡಲು ಸುಂದರವಾದ ಇಂಜಿನ್ ಎಳೆಯುವುದರಲ್ಲಿ ಹಿಂದೆ ಬೀಳುವುದೂ ಇದರಿಂದಲೇ. ಫ್ಲೈಯಿಂಗ್ ಸ್ಕಾಟ್ಸ್‌ಮನ್‌ನಂಥ ಉದ್ದನೆಯ ಎಕ್ಸ್‌ಪ್ರೆಸ್ ಇಂಜಿನ್ ತನ್ನ ತೂಕದ ಮೂರನೇ ಒಂದು ಪಾಲನ್ನು ಎಳೆಯದ ಗಾಲಿಗಳಿಗೆ ಕೊಟ್ಟುಬಿಟ್ಟಿದೆ. ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಗಿಡ್ಡ ಟ್ಯಾಂಕ್ ಇಂಜಿನ್‌ಗೆ ಇರುವುದೇ ಆರು ಗಾಲಿ, ಆರೂ ಎಳೆಗಾಲಿ. ನೀರೂ ಇದ್ದಲೂ ಅದರ ಮೈಮೇಲೆಯೇ. ಅದರ ಪ್ರತಿಯೊಂದು ಕಿಲೋ ತೂಕವೂ ಕೆಲಸ ಮಾಡುತ್ತದೆ. ಭಾನುವಾರದ ಸವಾರಿಗೆ ಜನ ಹೆಚ್ಚು ಬಂದಾಗ ಈ ಹವ್ಯಾಸಿಗಳ ಸಂಘದವರು ಶೆಡ್ಡಿನಿಂದ ಹೊರತೆಗೆಯುವುದು ಅಂಥ ಗಿಡ್ಡ ಇಂಜಿನ್ನನ್ನೇ. ಸ್ಪ್ರಿಂಗ್‌ಗಳ ವಿಷಯವೂ ಇಲ್ಲಿಗೇ ಸೇರಿದ್ದು. ಎಕ್ಸ್‌ಪ್ರೆಸ್ ಇಂಜಿನ್ನಿನ ಮುಂದಿನ ಸಣ್ಣ ಗಾಲಿಗಳ ಸ್ಪ್ರಿಂಗ್ ಕೊಂಚ ಬಿಗಿಯಾದರೆ ಸಾಕು, ಅದು ಇಂಜಿನ್ನಿನ ಮೂತಿಯನ್ನು ಎತ್ತಿ ಹಿಡಿದು ಎಳೆಗಾಲಿಗಳ ತೂಕವನ್ನು ಕದಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಇಂಜಿನ್ ಮಾತ್ರ ಜಾರುತ್ತಲೇ ಇರುತ್ತದೆ. ಒಂದೊಂದೇ ಅಚ್ಚನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ ನೋಡಿದರೆ ಕಳ್ಳ ಸಿಗುತ್ತಾನೆ.

ಗಾಲಿ ಹಳಿಯನ್ನು ಹಿಡಿಯುತ್ತದೋ ಇಲ್ಲವೋ ಎಂಬ ಅನುಮಾನ ರೈಲಿನಷ್ಟೇ ಹಳೆಯದು. 1812ರಲ್ಲಿ ಲೀಡ್ಸ್ ಬಳಿಯ ಮಿಡಲ್‌ಟನ್ ಗಣಿಯಲ್ಲಿ ಜಾನ್ ಬ್ಲೆಂಕಿನ್‌ಸಾಪ್ ನುಣುಪು ಗಾಲಿಯನ್ನು ನಂಬದೆ ಹಳಿಯ ಪಕ್ಕಕ್ಕೆ ಹಲ್ಲು ಕೂರಿಸಿ, ಇಂಜಿನ್ನಿಗೆ ಹಲ್ಲಿನ ಚಕ್ರ ಇಟ್ಟ. ಅದೇ ಕಾಲಕ್ಕೆ ವೈಲಮ್ ಗಣಿಯ ವಿಲಿಯಂ ಹೆಡ್ಲಿ ಕೈಯಲ್ಲಿ ತಿರುಗಿಸುವ ಹಿಡಿಗಳಿದ್ದ ಒಂದು ಗಾಡಿ ಮಾಡಿಸಿ, ಅದರ ಮೇಲೆ ಆಳುಗಳನ್ನು ನಿಲ್ಲಿಸಿ, ನುಣುಪು ಗಾಲಿಗೂ ತೂಕವಿದ್ದರೆ ಹಿಡಿತ ಸಿಗುತ್ತದೆ ಎಂದು ಮಾಡಿ ತೋರಿಸಿದ. ಆ ಪರೀಕ್ಷೆಯ ಫಲವೇ ‘ಪಫಿಂಗ್ ಬಿಲ್ಲಿ’ ಎಂಬ ಇಂಜಿನ್. ಇನ್ನೂರು ವರ್ಷ ಕಳೆದ ಮೇಲೂ ಶೆಡ್ಡಿನಲ್ಲಿ ತಕ್ಕಡಿ ಹಿಡಿದು ಕೂತವರು ಅಳೆಯುತ್ತಿರುವುದು ಹೆಡ್ಲಿ ಅಳೆದದ್ದನ್ನೇ.

ಹನ್ನೊಂದು ಕಿಲೋ ಎಳೆತ ಎಂದರೆ ಏನೂ ಅಲ್ಲ ಎನಿಸಬಹುದು. ರೈಲಿನ ಗುಟ್ಟು ಇರುವುದೇ ಇಲ್ಲಿ. ಬಾಲ್ ಬೇರಿಂಗ್ ಇರುವ ಒಳ್ಳೆಯ ಗಾಡಿ ಸಮತಟ್ಟು ಹಳಿಯ ಮೇಲೆ ಉರುಳಲು ಬೇಕಾಗುವ ಬಲ ಅದರ ತೂಕದ ನೂರಕ್ಕೆ ಒಂದೂವರೆ ಪಾಲು ಎಂದು ಹಿಡಿಯೋಣ. ಹನ್ನೊಂದು ಕಿಲೋ ಬಲ 730 ಕಿಲೋವನ್ನು ಉರುಳಿಸುತ್ತದೆ. ಇಂಜಿನ್ನಿನ ಸ್ವಂತ ತೂಕ ಕಳೆದು, ಗಾಡಿಯ ಪಾಲೂ ಸೇರಿ ತಲೆಗೆ 90 ಕಿಲೋ ಎಂದು ಎಣಿಸಿದರೆ ಏಳು ಜನ. ಹಳಿ ನೂರು ಮೀಟರಿಗೆ ಒಂದೇ ಒಂದು ಮೀಟರ್ ಏರಲಿ. ತೂಕದ ನೂರನೇ ಒಂದು ಪಾಲು ಹೊಸದಾಗಿ ಸೇರಿಕೊಂಡು, ಏಳು ಜನ ಇದ್ದಲ್ಲಿ ನಾಲ್ವರಿಗೆ ಇಳಿಯುತ್ತದೆ. ಕಣ್ಣಿಗೆ ಏರು ಎಂದೇ ಗೊತ್ತಾಗದ ಏರು ಅದು. ಕುಳೆಂನಿಂದ ನಮ್ಮ ಕ್ಯಾಸಲ್‌ರಾಕ್‌ಗೆ ಹತ್ತುವ ಘಟ್ಟದ ಹಳಿ 37ಕ್ಕೆ ಒಂದರಂತೆ ಏರುತ್ತದೆ. ಅಂಥ ಏರನ್ನು ಉದ್ಯಾನದಲ್ಲಿ ಹಾಕಿದರೆ ನಮ್ಮ ಈ ಇಂಜಿನ್ ಇಬ್ಬರನ್ನು ಎಳೆದು ನಿಲ್ಲುತ್ತದೆ. ಆ ಇಬ್ಬರಲ್ಲಿ ಒಬ್ಬ ಡ್ರೈವರ್. ಘಟ್ಟದಲ್ಲಿ ರೈಲಿನ ಹಿಂದೆಯೂ ಇಂಜಿನ್ ಕಟ್ಟಿ ತಳ್ಳುವುದು ಯಾಕೆ ಎಂಬುದಕ್ಕೂ ಇದೇ ಲೆಕ್ಕ ಉತ್ತರ.

ಈ ಕಾಲು ಭಾಗದ ಹಿಡಿತವೂ ಹಳಿ ಒಣಗಿ ಶುಭ್ರವಾಗಿದ್ದರೆ ಮಾತ್ರ. ಬೆಳಗಿನ ಇಬ್ಬನಿ ಬಿದ್ದರೆ, ಒದ್ದೆ ಎಲೆ ಅಂಟಿಕೊಂಡರೆ ಅದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಉಕ್ಕಿನ ಬದಲು ಅಲ್ಯೂಮಿನಿಯಂ ಹಳಿ ಹಾಕಿದ ಸಂಘಗಳೂ ಇವೆ. ತುಕ್ಕು ಹಿಡಿಯದು, ಹೊರಲು ಹಗುರ. ಆದರೆ ಓಡಾಟಕ್ಕೆ ಅದರ ಮೇಲೆ ಕಪ್ಪು ಮಸಿಯಂಥ ಪದರ ಕಟ್ಟಿ ಗಾಲಿ ಜಾರುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಇಂಜಿನ್ನೇ. ಬಿಸಿ ಉಗಿಯಲ್ಲಿ ಪಿಸ್ಟನ್ ಸವೆಯದಿರಲು ಜೇನಿನಷ್ಟು ದಪ್ಪದ ಎಣ್ಣೆಯನ್ನು ಹನಿಹನಿಯಾಗಿ ಉಗಿಗೆ ಬೆರೆಸುತ್ತಾರೆ. ಆ ಎಣ್ಣೆ ಕೆಲಸ ಮುಗಿಸಿ ಉಗಿಯ ಜೊತೆ ಚಿಮಣಿಯಿಂದ ಹಾರಿ, ತುಂತುರಾಗಿ ಹಳಿಯ ಮೇಲೆಯೇ ಇಳಿಯುತ್ತದೆ. ದಿನವಿಡೀ ಹತ್ತು ಇಂಜಿನ್ ಓಡಿದ ಹಳಿಗೆ ಸಂಜೆಯ ಹೊತ್ತಿಗೆ ತೆಳ್ಳನೆಯ ಎಣ್ಣೆಪೊರೆ ಬಂದಿರುತ್ತದೆ, ಬೆಳಗ್ಗೆ ಸಲೀಸಾಗಿ ಹೋದ ರೈಲು ಅದೇ ಏರಿನಲ್ಲಿ ನಿಲ್ಲುತ್ತದೆ.

ದೊಡ್ಡ ರೈಲಿನವರು ಇದಕ್ಕೆ ಮರಳು ಬಳಸುತ್ತಾರೆ. ಹಳೆಯ ಉಗಿ ಇಂಜಿನ್‌ಗಳ ಎಳೆಗಾಲಿಯ ಮುಂದೆ ಹಳಿಯತ್ತ ಬಾಗಿರುವ ಸಣ್ಣ ಕೊಳವೆ ಅದಕ್ಕಾಗಿಯೇ ಇರುವುದು. ಡಾರ್ಜಿಲಿಂಗ್‌ನ ಎರಡಡಿ ಹಳಿಯ ರೈಲಿನಲ್ಲಂತೂ ಇಂಜಿನ್ನಿನ ಮುಂತುದಿಯಲ್ಲಿ ಇಬ್ಬರು ಕೂತು ಏರಿನುದ್ದಕ್ಕೂ ಕೈಯಿಂದಲೇ ಮರಳು ಹಾಕುವುದು ಪ್ರಸಿದ್ಧ ದೃಶ್ಯ. ಮಾದರಿ ಇಂಜಿನ್ನಿಗೆ ಈ ಉಪಾಯ ಸಲ್ಲದು. ಮರಳಿನ ಕಾಳು ಹನ್ನೊಂದು ಪಟ್ಟು ಕುಗ್ಗುವುದಿಲ್ಲವಲ್ಲ. ಅದು ಹಾರಿ ಬೇರಿಂಗ್‌ಗೆ, ಸರಳುಗಳ ಕೀಲಿಗೆ ಸೇರಿದರೆ ವರ್ಷಗಳ ದುಡಿಮೆ ಹಾಳು. ಹಾಗಾಗಿ ಇವರು ಬಟ್ಟೆ ಹಿಡಿದು ಹಳಿಯುದ್ದಕ್ಕೂ ನಡೆದು ಒರೆಸುತ್ತಾರೆ. ಬೇರೆ ದಾರಿಯಿಲ್ಲ.

ಜಾರುವುದು ಶುರುವಾದರೆ ಕಿವಿಗೇ ಗೊತ್ತಾಗುತ್ತದೆ. ಎರಡು ಸಿಲಿಂಡರ್ ಇಂಜಿನ್ನಿನ ಗಾಲಿ ಒಂದು ಸುತ್ತು ತಿರುಗಿದರೆ ಚಿಮಣಿಯಲ್ಲಿ ನಾಲ್ಕು ಬಾರಿ ‘ಛಫ್’ ಎನ್ನುತ್ತದೆ. ಜಾರಿದಾಗ ಆ ನಾಲ್ಕು ಬಡಿತಗಳು ಒಂದಕ್ಕೊಂದು ಕೂಡಿ ಒಂದೇ ಅಬ್ಬರವಾಗುತ್ತವೆ. ಒಮ್ಮೆ ಜಾರಲು ತೊಡಗಿದ ಗಾಲಿಗೆ ನಿಂತ ಗಾಲಿಗಿಂತ ಕಡಿಮೆ ಹಿಡಿತ, ಆದ್ದರಿಂದ ಅದು ತಾನಾಗಿ ನಿಲ್ಲುವುದಿಲ್ಲ, ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಲೇಬೇಕು. ಮುಚ್ಚಿದರೂ ತಕ್ಷಣ ನಿಲ್ಲದು. ರೆಗ್ಯುಲೇಟರ್ ದಾಟಿ, ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಕೊಳವೆಯಲ್ಲಿ ಸಿಕ್ಕಿಕೊಂಡ ಉಗಿ ಮುಗಿಯುವ ತನಕ ಗಾಲಿ ತಿರುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಜೋರಾದ ಆ ಉಸಿರು ಒಲೆಯ ಅರ್ಧ ಬೆಂಕಿಯನ್ನು ಎಳೆದು ಚಿಮಣಿಯಿಂದ ಹಾರಿಸಿಬಿಟ್ಟಿರುತ್ತದೆ. ಕೈಬೆರಳಿನಷ್ಟು ಉದ್ದದ ರೆಗ್ಯುಲೇಟರ್ ಹಿಡಿಯನ್ನು ಕೂದಲೆಳೆಯಷ್ಟು ಸರಿಸುವ ಹದ ಕೈಗೆ ಬರುವುದು ಅಭ್ಯಾಸದಿಂದ. ಹೊಸಬರು ಜೋರಾಗಿ ತೆರೆಯುತ್ತಾರೆ, ಹಳಬರು ತೆರೆದದ್ದೇ ತಿಳಿಯುವುದಿಲ್ಲ.

ಇಷ್ಟೆಲ್ಲ ಚರ್ಚೆಗೆ ಅವಕಾಶ ಸಿಕ್ಕಿದ್ದಾದರೂ ಸುಮಾರು ನೂರು ವರ್ಷಗಳ ಹಿಂದೆ. ಅದಕ್ಕೆ ಮೊದಲು ಪುಟ್ಟ ಇಂಜಿನ್ ಮನುಷ್ಯರನ್ನು ಎಳೆದೀತು ಎಂದೇ ಬಹಳ ಮಂದಿ ನಂಬಿರಲಿಲ್ಲ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಶುರುಮಾಡಿದ ‘ಮಾಡೆಲ್ ಇಂಜಿನಿಯರ್’ ಪತ್ರಿಕೆ ಈ ಹವ್ಯಾಸದ ಮುಖ್ಯ ವೇದಿಕೆ. ಆ ಕಾಲದ ದೊಡ್ಡ ಹೆಸರು ಹೆನ್ರಿ ಗ್ರೀನ್ಲಿ. ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಕಂಪನಿಗೆ ವಿನ್ಯಾಸ ಮಾಡಿಕೊಡುತ್ತಿದ್ದವನು, ಮುಂದೆ 1927ರಲ್ಲಿ ತೆರೆದ ಹದಿನೈದು ಇಂಚು ಹಳಿಯ ರಾಮ್ನಿ, ಹೈಥ್ ಮತ್ತು ಡಿಮ್‌ಚರ್ಚ್ ರೈಲ್ವೆಯ ಇಂಜಿನಿಯರ್. ಆಗಿನ ಸಣ್ಣ ಇಂಜಿನ್‌ಗಳು ಬಹುಪಾಲು ಸ್ಪಿರಿಟ್ ದೀಪದಿಂದ ಕಾಯುತ್ತಿದ್ದವು. ಹೊರಗೊಂದು ಕವಚ, ಒಳಗೊಂದು ಸಣ್ಣ ನೀರಿನ ಉರುಳೆ, ಅದರ ಹೊಟ್ಟೆಯ ಕೆಳಗೆ ಕೆಲವು ನೀರಿನ ಕೊಳವೆ. ನಿಜವಾದ ಇಂಜಿನ್ನಿನಂತೆ ಫೈರ್‌ಬಾಕ್ಸಿನಲ್ಲಿ ಕಲ್ಲಿದ್ದಲು ಉರಿಸಿ ಹೊಗೆಯನ್ನು ಕೊಳವೆಗಳ ಮೂಲಕ ಹಾಯಿಸುವ ಬಾಯ್ಲರ್ ಇಷ್ಟು ಸಣ್ಣ ಅಳತೆಯಲ್ಲಿ ಕೆಲಸ ಮಾಡದು ಎಂಬುದು ಆಗಿನ ರೂಢಿಯ ನಂಬಿಕೆ.

ಇದನ್ನು ಎದುರಿಸಿ ನಿಂತವನು ಎಲ್‌ಬಿಎಸ್‌ಸಿ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ‘ಕರ್ಲಿ’ ಲಾರೆನ್ಸ್. ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯಲ್ಲಿ ದುಡಿದವನು, ಅಂಕಿತವೂ ಆ ರೈಲ್ವೆಯ ಹೆಸರಿನ ಮೊದಲಕ್ಷರಗಳೇ. ‘ಅಯೇಷಾ’ ಎಂದು ಹೆಸರಿಟ್ಟ ಎರಡೂವರೆ ಇಂಚು ಹಳಿಯ ಅವನ ಇಂಜಿನ್ ಕಲ್ಲಿದ್ದಲು ತಿಂದು ಮನುಷ್ಯರನ್ನು ಎಳೆಯುತ್ತಿತ್ತು. ಪತ್ರಿಕೆಯ ಪುಟಗಳಲ್ಲಿ ವಾದ ಬೆಳೆದು, 1924ರ ಮಾಡೆಲ್ ಇಂಜಿನಿಯರ್ ಪ್ರದರ್ಶನದಲ್ಲಿ ಬ್ಯಾಸೆಟ್-ಲೋಕ್ ಕಂಪನಿಯ ಇಂಜಿನ್ನಿನ ಎದುರು ಎಲ್ಲರ ಕಣ್ಣೆದುರೇ ಅದು ಜನರನ್ನು ಕೂರಿಸಿಕೊಂಡು ಓಡಿತು. ‘ಬಾಯ್ಲರ್‌ಗಳ ಕಾಳಗ’ ಎಂದೇ ಈ ಹವ್ಯಾಸದ ಚರಿತ್ರೆಯಲ್ಲಿ ಅದಕ್ಕೆ ಹೆಸರು. ಅಲ್ಲಿಂದಾಚೆಗೆ ಲಾರೆನ್ಸ್ ತಾನು 1967ರಲ್ಲಿ ತೀರಿಕೊಳ್ಳುವವರೆಗಿನ ದಶಕಗಳಲ್ಲಿ ಒಂದರ ಹಿಂದೊಂದು ಇಂಜಿನ್ನಿನ ನಕ್ಷೆ, ಮಾಡುವ ಕ್ರಮ ಎಲ್ಲವನ್ನೂ ಮಾತಾಡುವ ಭಾಷೆಯಲ್ಲಿ ಬರೆದ. ಕಾರ್ಖಾನೆಯ ತರಬೇತಿ ಇಲ್ಲದ ಗುಮಾಸ್ತರು, ಮೇಷ್ಟ್ರುಗಳು ಅದನ್ನು ಓದಿ ಇಂಜಿನ್ ಮಾಡಿದರು. ಅವನ ಮೂರೂವರೆ ಇಂಚು ಹಳಿಯ ‘ಟಿಚ್’ ಇವತ್ತಿಗೂ ಹೊಸಬರು ಕೈಹಾಕುವ ಇಂಜಿನ್. ಈ ವಿದ್ಯೆಯನ್ನು ಶ್ರೀಮಂತರ ಗಾಜಿನ ಕಪಾಟಿನಿಂದ ಜನರ ಕೈಗೆ ತಂದವನೆಂದು ನಾನು ಅವನಿಗೆ ಎಲ್ಲರಿಗಿಂತ ಮೇಲಿನ ಸ್ಥಾನ ಕೊಡುತ್ತೇನೆ.

ಅವನು ಗೆದ್ದದ್ದು ದೊಡ್ಡ ಬಾಯ್ಲರ್ ಅನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ ಅಲ್ಲ. ದೊಡ್ಡ ಇಂಜಿನ್ನಿನಲ್ಲಿ ನೂರೈವತ್ತಕ್ಕೂ ಮೀರಿ ಹೊಗೆಕೊಳವೆ ಇರಬಹುದು. ಅಷ್ಟನ್ನೂ ಕುಗ್ಗಿಸಿದರೆ ಒಂದೊಂದೂ ಕಡ್ಡಿಯಷ್ಟು ಸಣ್ಣದಾಗಿ, ಹೊಗೆ ಹಾಯದೆ, ಬೂದಿ ಕಟ್ಟಿ ಬೆಂಕಿ ಸಾಯುತ್ತದೆ. ಹೊಗೆ ತನ್ನ ಸ್ವಭಾವ ಬಿಡುವುದಿಲ್ಲ. ಅದಕ್ಕಾಗಿ ಮಾದರಿಯಲ್ಲಿ ಹದಿನೈದೋ ಇಪ್ಪತ್ತೋ ಕೊಳವೆ, ಪ್ರತಿಯೊಂದೂ ಅಳತೆಗಿಂತ ದಪ್ಪ. ಕೊಳವೆಯ ಉದ್ದವನ್ನು ಅದರ ಒಳವ್ಯಾಸದ ವರ್ಗದಿಂದ ಭಾಗಿಸಿದರೆ ಇಂಚಿನ ಲೆಕ್ಕದಲ್ಲಿ ಐವತ್ತರಿಂದ ಎಪ್ಪತ್ತರೊಳಗೆ ಬರಬೇಕು ಎಂಬ ಕೈಸೂತ್ರವನ್ನು ಇವರು ಪಾಲಿಸುತ್ತಾರೆ. ನಿಸರ್ಗವನ್ನು ಅಳತೆಗೆ ಕುಗ್ಗಿಸಲಾಗದು ಎಂಬ ಮಾತು ಈ ಸಂಘಗಳಲ್ಲಿ ಆಗಾಗ ಕೇಳುತ್ತದೆ. ಬಾಯ್ಲರ್‌ನ ಒಂದೊಂದು ಭಾಗವೂ ಅದಕ್ಕೆ ಸಾಕ್ಷಿ.

ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನೇ ನೋಡಿ. ಅಳತೆಗೆ ತಕ್ಕಂತೆ ಸಪೂರ ಮಾಡಿದರೆ ನೀರು ಗಾಜಿನ ಗೋಡೆಗೆ ಅಂಟಿ ಮೇಲೇರುತ್ತದೆ, ಇಲ್ಲವೇ ನಡುವೆ ಗುಳ್ಳೆ ಸಿಕ್ಕಿ ಅಲ್ಲಾಡದೆ ನಿಲ್ಲುತ್ತದೆ. ಬಾಯ್ಲರ್‌ನಲ್ಲಿ ನೀರಿಲ್ಲದಿದ್ದರೂ ಗಾಜು ಇದೆ ಎನ್ನುತ್ತದೆ. ಇದಕ್ಕಿಂತ ಅಪಾಯದ ಸುಳ್ಳು ಇಂಜಿನ್ನಿನಲ್ಲಿ ಇನ್ನೊಂದಿಲ್ಲ, ಏಕೆಂದರೆ ಫೈರ್‌ಬಾಕ್ಸಿನ ನೆತ್ತಿಯ ತಾಮ್ರವನ್ನು ಕಾಯುತ್ತಿರುವುದು ಅದರ ಮೇಲಿನ ಬೆರಳೆರಡರಷ್ಟು ನೀರು. ಗಾಜನ್ನು ಆಗಾಗ ಉಗಿಬಿಟ್ಟು ತೊಳೆದು, ನೀರು ಮತ್ತೆ ಚುರುಕಾಗಿ ಏರಿ ನಿಲ್ಲುತ್ತದೆಯೇ ಎಂದು ನೋಡುವುದು ಇಲ್ಲಿ ಎಲ್ಲರಿಗೂ ಕಡ್ಡಾಯದ ಅಭ್ಯಾಸ. ಏರಿಳಿತವೂ ಮೋಸ ಮಾಡುತ್ತದೆ. ಅರವತ್ತು ಸೆಂಟಿಮೀಟರ್ ಉದ್ದದ ಬಾಯ್ಲರ್ ಐವತ್ತಕ್ಕೆ ಒಂದರ ಏರಿನಲ್ಲಿ ನಿಂತರೆ ಮುಂತುದಿಗೂ ಹಿಂತುದಿಗೂ ನೀರಿನ ಮಟ್ಟದಲ್ಲಿ ಹನ್ನೆರಡು ಮಿಲಿಮೀಟರ್ ವ್ಯತ್ಯಾಸ. ಏರುವಾಗ ಹಿಂದಿರುವ ಗಾಜು ತುಂಬಿದಂತೆ ಕಾಣುತ್ತದೆ, ಏರು ಮುಗಿದು ಇಳಿಯತೊಡಗಿದ ಗಳಿಗೆಯಲ್ಲಿ ನೀರೆಲ್ಲ ಮುಂದಕ್ಕೆ ಓಡಿ ಫೈರ್‌ಬಾಕ್ಸಿನ ನೆತ್ತಿ ಬತ್ತುತ್ತದೆ. ಹೊಸ ಬಾಯ್ಲರ್ ಅನ್ನು ಹಳಿಗಿಳಿಸುವ ಮೊದಲು ಸಂಘದ ಪರೀಕ್ಷಕರು ಅದರೊಳಗೆ ನೀರು ತುಂಬಿ, ಕೆಲಸದ ಒತ್ತಡದ ಎರಡು ಪಟ್ಟು ಒತ್ತಡ ಕೊಟ್ಟು ನೋಡುತ್ತಾರೆ. ಉಗಿಯಲ್ಲೋ ಗಾಳಿಯಲ್ಲೋ ಅಲ್ಲ, ತಣ್ಣೀರಿನಲ್ಲಿ; ನೀರು ಕುಗ್ಗುವುದಿಲ್ಲವಾದ್ದರಿಂದ ಒಡೆದರೂ ಸಿಡಿಯುವುದಿಲ್ಲ.

ನೀರು ತುಂಬಿಸುವ ಇಂಜೆಕ್ಟರ್ ಮಾತ್ರ ನನಗೆ ಈ ಇಡೀ ಯಂತ್ರದಲ್ಲೇ ಅತ್ಯಂತ ಬೆರಗಿನ ವಸ್ತು. ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಾಯ್ಲರ್‌ನ ಉಗಿಯೇ ಒಂದು ಶಂಕುವಿನ ಮೂಲಕ ನುಗ್ಗಿ, ತಣ್ಣೀರನ್ನು ಸೆಳೆದು, ಅದರಲ್ಲಿ ಕರಗಿ ನೀರಾಗಿ, ತನ್ನ ವೇಗವನ್ನೆಲ್ಲ ಆ ನೀರಿಗೆ ಕೊಡುತ್ತದೆ. ಆ ವೇಗ ಮುಂದಿನ ಅಗಲವಾಗುವ ಶಂಕುವಿನಲ್ಲಿ ಒತ್ತಡವಾಗಿ, ಉಗಿ ಹೊರಟುಬಂದ ಅದೇ ಬಾಯ್ಲರ್‌ನೊಳಕ್ಕೆ ನೀರು ನುಗ್ಗುತ್ತದೆ. ಅಲ್ಲಾಡುವ ಭಾಗ ಹೆಚ್ಚೇನಿಲ್ಲ. ಮಾದರಿಯಲ್ಲಿ ಈ ಶಂಕುಗಳ ರಂಧ್ರ ಒಂದು ಮಿಲಿಮೀಟರಿನ ಆಸುಪಾಸು. ಕಿಟ್ಟದ ಒಂದು ಚೂರು, ಟ್ಯಾಂಕಿನಲ್ಲಿ ಬಿದ್ದ ನೂಲಿನ ಎಳೆ ಸಾಕು, ಅದು ಮುನಿಸಿಕೊಳ್ಳುತ್ತದೆ. ಇನ್ನೊಂದು ಮುನಿಸು ಬಿಸಿಲಿನದು. ಉಗಿ ಕರಗಬೇಕಾದರೆ ನೀರು ತಣ್ಣಗಿರಬೇಕು. ಬಾಯ್ಲರ್‌ನ ಮಗ್ಗುಲಿಗೇ ಟ್ಯಾಂಕ್ ಇರುವ ಇಂಜಿನ್‌ಗಳಲ್ಲಿ ಒಂದೆರಡು ಗಂಟೆ ಓಡುವಷ್ಟರಲ್ಲಿ ನೀರು ಉಗುರುಬೆಚ್ಚಗಿಂತ ಮೇಲೇರಿ, ಇಂಜೆಕ್ಟರ್ ನೀರನ್ನೂ ಉಗಿಯನ್ನೂ ನೆಲಕ್ಕೆ ಉಗುಳುತ್ತ ಕೂರುತ್ತದೆ. ಅನುಭವಿಗಳು ಟ್ಯಾಂಕಿಗೆ ತಣ್ಣೀರು ತುಂಬಿ, ಇಂಜೆಕ್ಟರ್ ಮೇಲೆ ಒದ್ದೆ ಬಟ್ಟೆ ಸುತ್ತುತ್ತಾರೆ. ಅಚ್ಚಿಗೆ ಜೋಡಿಸಿದ ಪಂಪು, ಅದೂ ಕೆಟ್ಟರೆ ಇರಲೆಂದು ಒಂದು ಕೈಪಂಪು, ಹೀಗೆ ಎರಡು ಮೂರು ದಾರಿ ಇಟ್ಟುಕೊಂಡೇ ಹೊರಡುತ್ತಾರೆ.

ಹೊರಡುವಾಗ ಸಿಲಿಂಡರ್ ತಣ್ಣಗಿರುತ್ತದೆ. ಪುಟ್ಟ ಸಿಲಿಂಡರ್‌ಗೆ ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆ ಜಾಸ್ತಿ, ಹನ್ನೊಂದು ಪಟ್ಟು ಜಾಸ್ತಿ. ಮೊದಲ ಉಗಿಯೆಲ್ಲ ಗೋಡೆ ಮುಟ್ಟಿದ ಕೂಡಲೇ ನೀರಾಗುತ್ತದೆ. ಪಿಸ್ಟನ್ ಮುಂದೆ ಹೀಗೆ ನಿಂತ ನೀರು ಕುಗ್ಗದು, ಒತ್ತಿದರೆ ಸಿಲಿಂಡರ್‌ನ ಮುಚ್ಚಳವೋ ಸರಳೋ ಸೋಲಬೇಕು. ಅದಕ್ಕೇ ಪ್ರತಿ ಇಂಜಿನ್ ಹೊರಡುವಾಗ ಸಿಲಿಂಡರ್‌ನ ಕೆಳಗಿರುವ, ನೀರು ಹೊರಬಿಡುವ ಸಣ್ಣ ನಲ್ಲಿಗಳನ್ನು ತೆರೆದು, ಎರಡೂ ಬದಿಗೆ ಬಿಳಿ ಉಗಿ ಬುಸುಗುಟ್ಟಿಸುತ್ತ ಹೋಗುತ್ತದೆ. ನೋಡುವ ಮಕ್ಕಳಿಗೆ ಅದೊಂದು ಸಂಭ್ರಮ, ಡ್ರೈವರ್‌ಗೆ ಅದು ಮುಚ್ಚಳ ಉಳಿಸಿಕೊಳ್ಳುವ ಕೆಲಸ.

ಐದು ಇಂಚಿನಿಂದ ಕೆಳಗಿಳಿದಂತೆ ಈ ತೊಡಕುಗಳು ಬೇರೆ ರೂಪ ತಾಳುತ್ತವೆ. 45 ಮಿಲಿಮೀಟರ್ ಹಳಿಯ ತೋಟದ ರೈಲುಗಳಲ್ಲಿ ಬಹಳಷ್ಟು ಬ್ಯುಟೇನ್ ಅನಿಲದಿಂದ ಕಾಯುತ್ತವೆ. ದ್ರವ ಬ್ಯುಟೇನ್ ಅನಿಲವಾಗುವಾಗ ತನ್ನ ಡಬ್ಬಿಯ ಶಾಖವನ್ನೇ ಹೀರಿಕೊಳ್ಳುತ್ತದೆ. ಶೂನ್ಯ ಡಿಗ್ರಿಯ ಹತ್ತಿರ ಅದು ಕುದಿಯುವುದನ್ನೇ ನಿಲ್ಲಿಸುತ್ತದೆ. ಚಳಿಯ ದಿನ ಓಡುತ್ತ ಓಡುತ್ತ ಡಬ್ಬಿ ತಣ್ಣಗಾಗಿ, ಬೆಂಕಿ ಸಣ್ಣದಾಗಿ, ಉಗಿ ಇಳಿದು ಇಂಜಿನ್ ನಿಲ್ಲುವುದುಂಟು. ಆ ಡಬ್ಬಿಯನ್ನು ಬೆಚ್ಚನೆಯ ನೀರಿನಲ್ಲಿ ಕೂರಿಸಿ ಓಡಿಸುವುದು ಇದಕ್ಕೆ ಪರಿಹಾರ. ಇಂಥ ಇಂಜಿನ್ನಿಗೆ ಹಿಂದೆ ಭಾರ ಇಲ್ಲದಿದ್ದರೆ ವೇಗ ಹಿಡಿತಕ್ಕೆ ಸಿಗುವುದಿಲ್ಲ, ತಿರುವಿನಲ್ಲಿ ಹಾರಿ ಬೀಳುತ್ತದೆ. ನಾಲ್ಕು ಗಾಡಿ ಕಟ್ಟಿದರೆ ಸಮಾಧಾನದಿಂದ ಓಡುತ್ತದೆ. 2003ರಲ್ಲಿ ಹಾರ್ನ್‌ಬಿ ಕಂಪನಿ ಇನ್ನೂ ಕೆಳಗಿಳಿದು, 16.5 ಮಿಲಿಮೀಟರ್ ಹಳಿಗೆ ನಿಜವಾದ ಉಗಿಯ ‘ಮಲ್ಲಾರ್ಡ್’ ತಂದಿತು. ಅಷ್ಟು ಸಣ್ಣದರಲ್ಲಿ ಬೆಂಕಿಗೆ ಜಾಗವೇ ಇಲ್ಲ, ಹಳಿಯ ವಿದ್ಯುತ್ತಿನಿಂದ ಟೆಂಡರಿನೊಳಗಿನ ಕಾಯಿಲ್ ಕಾದು ನೀರು ಕುದಿಯುತ್ತದೆ. ಉಗಿ ನಿಜ, ಒಲೆ ಇಲ್ಲ. ಕೈಚಳಕಕ್ಕೆ ತಲೆಬಾಗುತ್ತೇನಾದರೂ, ಬೆಂಕಿ ನೋಡಿಕೊಳ್ಳುವ ಕೆಲಸವನ್ನೇ ತೆಗೆದುಬಿಟ್ಟ ಮೇಲೆ ಅರ್ಧ ವಿದ್ಯೆ ಹೋಯಿತು ಎಂದೇ ನನ್ನ ಅಭಿಪ್ರಾಯ.

ಬೆಂಕಿ, ನೀರು, ಹಿಡಿತ ಈ ಮೂರನ್ನೂ ಒಟ್ಟಿಗೆ ತೂಗುವ ಒಂದು ಸ್ಪರ್ಧೆ 1969ರಿಂದ ಬ್ರಿಟನ್ನಿನಲ್ಲಿ ನಡೆದುಬಂದಿದೆ. ‘ಮಾಡೆಲ್ ಇಂಜಿನಿಯರ್’ ಪತ್ರಿಕೆಯ ಆಶ್ರಯದಲ್ಲಿ ಶುರುವಾದ ಇದರ ಹೆಸರು ಅಂತರರಾಷ್ಟ್ರೀಯ ಮಾದರಿ ಲೋಕೊಮೋಟಿವ್ ದಕ್ಷತಾ ಸ್ಪರ್ಧೆ, ಚಿಕ್ಕದಾಗಿ ‘ಇಮ್ಲೆಕ್’. ವೇಗಕ್ಕೆ ಇಲ್ಲಿ ಬಹುಮಾನವಿಲ್ಲ. ಇಂಜಿನ್ನಿನ ಹಿಂದೆ ಎಳೆತದ ಬಲವನ್ನೂ ಸಾಗಿದ ದೂರವನ್ನೂ ಅಳೆಯುವ ಗಾಡಿಯನ್ನು ಕಟ್ಟುತ್ತಾರೆ. ಕಲ್ಲಿದ್ದಲನ್ನು ತೂಗಿ ಕೊಟ್ಟು, ಕೊನೆಯಲ್ಲಿ ಉಳಿದದ್ದನ್ನು ತೂಗಿ ವಾಪಸು ಪಡೆಯುತ್ತಾರೆ. ಸುಟ್ಟ ಇದ್ದಲಿನಲ್ಲಿದ್ದ ಶಕ್ತಿಯ ಎಷ್ಟು ಪಾಲು ಎಳೆಯುವ ಕೆಲಸವಾಯಿತು ಎಂಬುದೇ ಅಂಕ. ಸಾಮಾನ್ಯವಾಗಿ ಅದು ನೂರಕ್ಕೆ ಒಂದರಿಂದ ಮೂರರ ಒಳಗೆ. ಸೋಲು ಎನ್ನಿಸಬಹುದು, ಆದರೆ ದೊಡ್ಡ ಉಗಿ ಇಂಜಿನ್‌ಗಳೇ ಒಳ್ಳೆಯ ದಿನ ಆರೇಳನ್ನು ಮುಟ್ಟುತ್ತಿದ್ದವು. ಒಂದು ಕಿಲೋ ಒಳ್ಳೆಯ ಕಲ್ಲಿದ್ದಲಿನ ನೂರಕ್ಕೆ ಎರಡು ಪಾಲು ಎಂದರೆ ಒಂದು ಟನ್ ಭಾರವನ್ನು ಅರವತ್ತು ಮೀಟರ್ ಎತ್ತರಕ್ಕೆ ಎತ್ತುವಷ್ಟು ಕೆಲಸ. ಮೊಣಕಾಲಿಗೆ ಬಾರದ ಯಂತ್ರಕ್ಕೆ ಅದು ಸಣ್ಣ ಮಾತಲ್ಲ.

ಎಷ್ಟು ಜನರನ್ನು ಕೂರಿಸಿಕೊಳ್ಳಬೇಕು ಎಂಬುದನ್ನು ಈ ಸ್ಪರ್ಧೆಯಲ್ಲಿ ಡ್ರೈವರೇ ತೀರ್ಮಾನಿಸುತ್ತಾನೆ, ಗೆಲುವು ಸೋಲು ಬಹುಪಾಲು ಅಲ್ಲೇ ನಿಶ್ಚಯವಾಗುತ್ತದೆ. ಪುಟ್ಟ ಬಾಯ್ಲರ್ ಎಳೆದರೂ ಎಳೆಯದಿದ್ದರೂ ತನ್ನ ಮೈಯಿಂದ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಒಡಲಿಗಿಂತ ಚರ್ಮ ದೊಡ್ಡದಾದ ಯಂತ್ರ ಅದು. ಹಗುರವಾದ ರೈಲು ಕಟ್ಟಿದರೆ ಆ ನಷ್ಟವೇ ಇದ್ದಲಿನ ದೊಡ್ಡ ಪಾಲನ್ನು ತಿನ್ನುತ್ತದೆ, ಅಂಕ ಇಳಿಯುತ್ತದೆ. ಇನ್ನೊಬ್ಬರನ್ನು ಕೂರಿಸಿದರೆ ಅದೇ ನಷ್ಟ ಹೆಚ್ಚಿನ ಕೆಲಸದ ಮೇಲೆ ಹಂಚಿಹೋಗಿ ಅಂಕ ಏರುತ್ತದೆ. ಮತ್ತೊಬ್ಬರು, ಮತ್ತೂ ಒಬ್ಬರು. ಅಲ್ಲಿಂದಾಚೆ ಎಲ್ಲೋ ಒಂದು ತಲೆ ಹೆಚ್ಚಾದರೆ ತಿರುವಿನ ಏರಿನಲ್ಲಿ ಗಾಲಿ ಜಾರಿ, ಬೆಂಕಿ ಚಿಮಣಿಯಿಂದ ಹಾರಿ, ಒತ್ತಡ ಬಿದ್ದು ಓಟವೇ ಮುಗಿಯುತ್ತದೆ. ಆ ತಲೆ ಆರನೆಯದೋ ಒಂಬತ್ತನೆಯದೋ ಎಂಬುದು ಆ ದಿನದ ಹಳಿ, ಗಾಳಿ, ಇಬ್ಬನಿ ಮತ್ತು ಹಿಂದಿನ ಇಂಜಿನ್ ಹಳಿಯ ಮೇಲೆ ಎಷ್ಟು ಎಣ್ಣೆ ಬಿಟ್ಟುಹೋಗಿದೆ ಎಂಬುದನ್ನು ಅವಲಂಬಿಸಿದೆ. ಒಳ್ಳೆಯ ಡ್ರೈವರ್ ತನ್ನ ಸರದಿ ಬರುವ ಮೊದಲೇ ಹಳಿಯುದ್ದಕ್ಕೂ ಒಮ್ಮೆ ನಡೆದು, ಏರಿನಲ್ಲಿ ಬಗ್ಗಿ ಹಳಿಯನ್ನು ಬೆರಳಿನಿಂದ ಸವರಿ ನೋಡಿ, ಆಮೇಲೆ ಬಂದು ಜನರ ಲೆಕ್ಕ ಹೇಳುತ್ತಾನೆ.